ರಾಚಪ್ಪನ ಅರ್ಧ ತಾಸು

ರಾಚಪ್ಪ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ವೈರ್‌ಮನ್ ಆಗಿದ್ದ. ನಿವೃತ್ತನಾದ ಮೇಲೆ ಕುಲಗೋಡಕ್ಕೆ ಬಂದು ನೆಲೆಸಿದ. ಊರಲ್ಲಿ ಯಾರ ಮನೆಯ ಫ್ಯಾನು ನಿಂತರೂ ಅವನೇ ಬೇಕಾಗುತ್ತಿತ್ತು. ಯಾವ ಯಂತ್ರವನ್ನೂ ಹೊರಗಿನಿಂದ ನೋಡಿ ಸುಮ್ಮನಿರುವ ಜಾಯಮಾನ ಅವನದಲ್ಲ. ಬಿಚ್ಚಬೇಕು, ಒಳಗೇನಿದೆ ನೋಡಬೇಕು. ಹೋದ ತಿಂಗಳ ಒಂದು ಬುಧವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆಗೆ ಕೂತವನು ಅಲ್ಲೇ ಗೋಡೆಗೆ ಒರಗಿದ. ಅಷ್ಟೇ.

ಹುಕ್ಕೇರಿಯಿಂದ ಅವನ ಗೆಳೆಯ ಅಣ್ಣಪ್ಪ ಮಾಸ್ತರ ಮಣ್ಣು ಕೊಡಲು ಬಂದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಮಣ್ಣು ಮುಗಿದ ಮೇಲೂ ಅಣ್ಣಪ್ಪ ಬಸ್ ಹತ್ತಲಿಲ್ಲ. ತೀರಿದವನ ಹೆಸರಿನ ಶಿವಗಣಾರಾಧನೆ ಮುಗಿಸಿಯೇ ಹೋಗುತ್ತೇನೆ ಎಂದ. ಅವನಿಗೆ ಅಳು ಬಂದಿರಲಿಲ್ಲ. ಚಹಾ ಕೊಟ್ಟರೆ ಕುಡಿಯುತ್ತಿದ್ದ. ಕುರ್ಚಿ ಸರಿಸಿ ಎಂದರೆ ಸರಿಸುತ್ತಿದ್ದ.

ಐದನೆಯ ದಿನ, ಭಾನುವಾರ, ರಾಚಪ್ಪನ ಹೆಂಡತಿ ಗೌರವ್ವ ಅವನಿಗೊಂದು ಕೆಲಸ ಕೊಟ್ಟಳು.

"ಮಾಸ್ತರ, ಆರಾಧನಿ ಆಮಂತ್ರಣ ಬರದು ಎಲ್ಲಾರಿಗೂ ಮೊಬೈಲ್‌ನಾಗ ಕಳಸ್ರಿ. ನಿಮ್ಮ ಬರವಣಿಗಿ ಛಲೋ ಐತಿ ಅಂತ ಅವರು ಹೇಳತಿದ್ರು."

ನಾಲ್ಕು ಸಾಲು ಬರೆಯುವುದಕ್ಕೆ ಅಣ್ಣಪ್ಪನಿಗೆ ಮಧ್ಯಾಹ್ನವಿಡೀ ಬೇಕಾಯಿತು. ಸಂಜೆ ಕಳಿಸಲು ಹೊರಟರೆ ವೈಫೈ ಇಲ್ಲ. ಆ ಮನೆಯೊಳಗೆ ಮೊಬೈಲ್ ಸಿಗ್ನಲ್ಲು ಮಾತಿಗಷ್ಟೇ ಸಾಲುತ್ತಿತ್ತು. ಗಡಿಯಾರ ನೋಡಿದ: ಏಳು ಗಂಟೆ ಮೂರು ನಿಮಿಷ. ಕೆಲಸವೊಂದು ಸಿಕ್ಕಿತ್ತು, ಅದೂ ನಿಂತಿತು. ಗೋಡೆಗೆ ನೇತುಹಾಕಿದ ರೌಟರ್ ಮೇಲೆ ಕಂಪನಿಯ ನಂಬರ್ ಇತ್ತು. ಫೋನ್ ಹಚ್ಚಿದ.

"ಲೈನ್ ಸರಿ ಐತ್ರಿ ಸರ್," ಎಂದಳು ಆ ಕಡೆಯ ಹುಡುಗಿ. "ರೌಟರ್‌ನಾಗ ಯಾರೋ ಸೆಟ್ಟಿಂಗ್ ಬದಲಿ ಮಾಡ್ಯಾರ. ಇಲ್ಲಿಂದನ ರಿಸೆಟ್ ಮಾಡ್ಲೇನ್ರಿ?"

"ಮಾಡ್ರಿ," ಎಂದ ಅಣ್ಣಪ್ಪ.

ರೌಟರಿನ ದೀಪಗಳೆಲ್ಲ ಆರಿ, ಒಂದೊಂದಾಗಿ ಹತ್ತಿಕೊಂಡವು. ಮನೆಯಲ್ಲಿದ್ದ ಮೊಬೈಲುಗಳೆಲ್ಲ ಒಟ್ಟಿಗೆ ಸಪ್ಪಳ ಮಾಡಿದವು. ಯಾರ್‍ಯಾರೋ ಕಳಿಸಿದ್ದ ಸಂತಾಪಗಳು. ಗೌರವ್ವ ಕೈಯಲ್ಲಿ ಬತ್ತಿ ಹಿಡಿದುಕೊಂಡೇ ಪಡಸಾಲೆಗೆ ಬಂದಳು.

"ಯಾರು ಚಾಲೂ ಮಾಡಿದ್ರು?"

"ನಾನ, ವೈನಿ. ಕೆಟ್ಟಿತ್ತು. ಕಂಪನಿಯವರಿಗೆ ಹೇಳಿ…"

"ಕೆಟ್ಟಿರಲಿಲ್ರಿ ಮಾಸ್ತರ."

ಅವಳು ಹೊಸ್ತಿಲ ಹತ್ತಿರ ಕೂತು ಹೇಳತೊಡಗಿದಳು. ಎರಡು ವರ್ಷದ ಕೆಳಗೆ ಮೊಮ್ಮಗಳು ಶಿವಾನಿಯ ಓದಿಗೆಂದು ವೈಫೈ ಹಾಕಿಸಿದ್ದರು. ಸಂಜೆಯಾದರೆ ಮನೆಯವರೆಲ್ಲ ಒಂದೊಂದು ಮೂಲೆ. ಗೌರವ್ವನಿಗೂ ಧಾರಾವಾಹಿ. ರಾಚಪ್ಪ ಯಾರಿಗೂ ಬೈಯಲಿಲ್ಲ. ರೌಟರಿನ ಒಳಗೆ ಹೊಕ್ಕು, ದೀಪ ಹಚ್ಚುವ ಹೊತ್ತಿಗೆ, ಏಳರಿಂದ ಏಳೂವರೆಯವರೆಗೆ, ವೈಫೈ ತಾನಾಗಿಯೇ ನಿಲ್ಲುವಂತೆ ಮಾಡಿದ. ರೌಟರಿನ ಒಳಗೆ ಹೋಗುವ ಪಾಸ್‌ವರ್ಡ್ ಬದಲಿಸಿ ಯಾರಿಗೂ ಹೇಳಲಿಲ್ಲ. ಮೊದಲ ದಿನ ಶಿವಾನಿ ಉಣ್ಣದೆ ಮಲಗಿದಳು. ಆಮೇಲೆ ರೂಢಿಯಾಯಿತು. ಶೇಂಗಾದ ಬುಟ್ಟಿ ನಡುವೆ ಇಟ್ಟುಕೊಂಡು ಎಲ್ಲರೂ ಕೂಡುವರು, ರಾಚಪ್ಪ ಮಿಲ್ಲಿನ ಕಥೆ ಹೇಳುವನು.

ಆ ಹೊತ್ತಿನಲ್ಲಿ ರಾಚಪ್ಪನಿಗೆ ವಾಟ್ಸಾಪ್ ಕಾಲ್ ಹತ್ತುತ್ತಿರಲಿಲ್ಲ ಎಂಬುದು ಅಣ್ಣಪ್ಪನಿಗೆ ನೆನಪಾಯಿತು. ಊಟಕ್ಕೆ ಕೂತಿರಬೇಕು ಅಂದುಕೊಳ್ಳುತ್ತಿದ್ದ.

"ಹೋದ ಮ್ಯಾಲೂ ನಾಕ ದಿನ ಅವರ ನಿಲ್ಲಿಸಿದ್ರು," ಎಂದಳು ಗೌರವ್ವ. "ಇವತ್ತೂ ನಿಲ್ಲಿಸಿದ್ರು."

ಅಣ್ಣಪ್ಪ ಮೊಬೈಲ್ ಎತ್ತಿಕೊಂಡು ಆಮಂತ್ರಣ ಕಳಿಸಿದ.

ಮರುದಿನ ಬೆಳಿಗ್ಗೆಯೇ ಅವನು ಕಂಪನಿಯ ಲೈನ್‌ಮನ್ ಓಂಕಾರನನ್ನು ಮೂಡಲಗಿಯಿಂದ ಕರೆಸಿದ. ತಲೆಗೂದಲು ಅರ್ಧ ಬೆಳ್ಳಗಾದ ಮನುಷ್ಯ. ಚಪ್ಪಲಿ ಬಿಟ್ಟು ಒಳಗೆ ಬಂದು, ಮೊದಲು ರಾಚಪ್ಪನ ಫೋಟೋಕ್ಕೆ ಕೈಮುಗಿದ.

"ಮೊದಲಿನಂಗ ಮಾಡಿ ಕೊಡ್ರಿ," ಎಂದ ಅಣ್ಣಪ್ಪ.

"ರಾಚಪ್ಪ ಕಾಕಾ ಒಳಗ ಹೋಗಾಕ ಹಾಕಿದ ಪಾಸ್‌ವರ್ಡ್ ರಿಸೆಟ್‌ನಾಗ ಹೋತ್ರಿ. ಈಗ ಕೀಲಿ ಆಫೀಸಿನ್ಯಾಗ ಐತಿ. ವೈಫೈದ ಹೆಸರ, ಪಾಸ್‌ವರ್ಡ್, ಇಷ್ಟ ನಿಮಗ ಬಿಟ್ಟಾರ. ಟೈಮ್ ಹಾಕೂದು ತಗದಾರ."

"ಮನಿ ಇವರದು. ಕರೆಂಟ್ ಇವರದು."

"ಡಬ್ಬಿ ಕಂಪನೀದ್ರಿ." ಓಂಕಾರ ಸಣ್ಣಗೆ ನಕ್ಕ. "ಕಾಕಾನೂ ಹಿಂಗ ಜಗಳಾಡತಿದ್ರು. 'ಏನೋ ಓಂಕಾರ, ನಮ್ಮ ಗ್ವಾಡಿಗಿ ಜೋತಬಿದ್ದು ಯಜಮಾನಕಿ ನೀವು ಮಾಡ್ತೀರೇನಲೇ' ಅಂತ." ನಗು ಅಲ್ಲಿಗೇ ನಿಂತಿತು. "ಒಂದ ಹಾದಿ ಐತ್ರಿ. ನಿಮ್ಮದ ಒಂದು ರೌಟರ್ ತಂದು ಇದಕ್ಕ ಜೋಡಸ್ರಿ. ಅದರಾಗ ನಿಮಗ ಬೇಕಾದ ಟೈಮ್ ಹಾಕಬಹುದು. ಅದರ ಕೀಲಿ ಯಾರೂ ಕಸಗೊಳ್ಳೂದಿಲ್ಲ."

"ತರೋಣ," ಎಂದ ಅಣ್ಣಪ್ಪ. "ಇವತ್ತ ಗೋಕಾಕಕ್ಕ ಹೋಗಿ ತರತೇನಿ, ವೈನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗೌರವ್ವ ಕೇಳಿದಳು:

"ಟೈಮ್ ಹಾಕೋರು ಯಾರು?"

ಓಂಕಾರ ಚಹಾ ಕುಡಿದು ಹೋದ. ಅಣ್ಣಪ್ಪ ಗೋಕಾಕಕ್ಕೆ ಹೋಗಲಿಲ್ಲ.

ಸಂಜೆ ಏಳಕ್ಕೆ ಎರಡು ನಿಮಿಷ ಇರುವಾಗ ಅವನು ರೌಟರಿನ ಸ್ವಿಚ್ಚಿನ ಹತ್ತಿರ ಹೋಗಿ ನಿಂತ. ಏಳಾಯಿತು. ಆರಿಸಿದ. ಶಿವಾನಿ ತಲೆ ಎತ್ತಿ ಮೊಬೈಲ್ ಕೆಳಗಿಟ್ಟಳು. ದೀಪದ ಮುಂದೆ ಕೂತಿದ್ದ ಗೌರವ್ವ ತಿರುಗಿ ನೋಡದೆ ಹೇಳಿದಳು:

"ಹಚ್ಚ್ರಿ ಮಾಸ್ತರ. ನೀವು ನಿಲ್ಲಿಸಿದ್ರ ನೀವು ನಿಲ್ಲಿಸಿದಂಗ ಆಗತೈತಿ."

ಅವನು ಮತ್ತೆ ಹಚ್ಚಿದ. ರೌಟರಿನ ದೀಪಗಳು ಒಂದೊಂದಾಗಿ ಬಂದವು, ಕೊನೆಗೆ ಹಸಿರು. ಎಲ್ಲೋ ಒಂದು ಮೊಬೈಲ್ ಸಪ್ಪಳ ಮಾಡಿತು. ಗೌರವ್ವ ಶೇಂಗಾದ ಬುಟ್ಟಿಯನ್ನು ತಂದು ನಡುವೆ ಇಟ್ಟು, "ಕುಂದರ್ರಿ" ಎಂದಳು. ಅಣ್ಣಪ್ಪ ಕೂತ. ಏಳೂವರೆಗೆ ಅವಳು ರೊಟ್ಟಿ ಬಡಿಯಲು ಎದ್ದು ಹೋದಳು.