ಮ್ಯೂ ಗೂಡಿನ ಕಾಗದ

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಮ್ಯೂ ಅಕ್ಕ ಎಂದೇ ಕರೆಯುತ್ತಿದ್ದರು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವುದು ಅವಳ ಕೆಲಸ. ವಿಜ್ಞಾನದ ಪುಸ್ತಕ ಬಂದರೆ ಗ್ರೀಕ್ ಅಕ್ಷರಗಳ ಕೇಸಿನ, ಅಂದರೆ ಮೊಳೆ ತುಂಬಿಡುವ ಗೂಡುಪೆಟ್ಟಿಗೆಯ ಮುಂದೆ ಅವಳೇ ನಿಲ್ಲಬೇಕು. ಬೇರೆಯವರು ಕೈಹಾಕಿದರೆ ಕಣ್ಣಲ್ಲೇ ಸುಡುತ್ತಿದ್ದಳು. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಆದರೂ ಮ್ಯೂ ಎಂಬ ಗ್ರೀಕ್ ಅಕ್ಷರದ (μ) ವಿಷಯದಲ್ಲಿ ಪ್ರೊಫೆಸರುಗಳಿಗೂ ಬೆವರಿಳಿಸುತ್ತಿದ್ದಳು.

ಕಲಿಸಿದವನು ಅವಳ ಅಣ್ಣ. ಅದೇ ಕೇಸಿನ ಮುಂದೆ ಹದಿನೆಂಟು ವರ್ಷ ನಿಂತವನು. ಮನೆಗೆ ಬಂದು ಮಸಿ ಕೈ ತೊಳೆಯುತ್ತಾ ಹೇಳುತ್ತಿದ್ದ: "ಈ ಮ್ಯೂ ನಮ್ಮ ಸೋದರಮಾವನ ಥರ ಕಣೇ, ಹೋದ ಮನೇಲೆಲ್ಲ ಬೇರೆ ಬೇರೆ ಕೆಲಸ. ಒಂದು ಪಾಠದಲ್ಲಿ ಘರ್ಷಣೆ. ಬೆಳಕಿನ ಪಾಠಕ್ಕೆ ಹೋದ್ರೆ ಗಾಜು ಕಿರಣಾನ ಎಷ್ಟು ಬಗ್ಗಿಸುತ್ತೆ ಅನ್ನೋ ಲೆಕ್ಕ. ಸಂಖ್ಯಾಶಾಸ್ತ್ರದೋರಿಗೆ ಸರಾಸರಿ. ಅಳತೆ ಮುಂದೆ ನಿಂತ್ರೆ ಮಾತ್ರ ಹತ್ತು ಲಕ್ಷದಲ್ಲಿ ಒಂದು ಪಾಲು. ಅಲ್ಲಿ ಹುಷಾರಾಗಿರ್ಬೇಕು."

ಅಣ್ಣ ಹುಷಾರಾಗಿಯೇ ಇದ್ದ. ನರ್ಸುಗಳ ಔಷಧಿ ಕೈಪಿಡಿ ಬಂದಾಗ, ಇದ್ದಬದ್ದ ಮ್ಯೂ ಮೊಳೆಗಳೆಲ್ಲ ಭೌತಶಾಸ್ತ್ರದ ದಪ್ಪ ಪುಸ್ತಕದ ಪುಟಗಳಲ್ಲಿ ಸಿಕ್ಕಿಕೊಂಡಿದ್ದವು. ಆ ಪುಟಗಳು ಅಚ್ಚಾಗಿ, ಮೊಳೆ ಬಿಚ್ಚುವ ತನಕ ಕಾಯೋಣ ಎಂದ. ಫೋರ್‌ಮನ್‌ಗೆ ಕಾಲ ಮೇಲೆ ಬಿಸಿನೀರು ಬಿದ್ದಷ್ಟು ಅವಸರ. ಮೈಕ್ರೋಗ್ರಾಮಿನ ಮ್ಯೂ ಜಾಗದಲ್ಲಿ ಎಮ್ ಹಾಕು ಎಂದ. "ಹಾಗಾದ್ರೆ ಬರೆದು ಕೊಡಿ," ಎಂದ ಅಣ್ಣ. ಫೋರ್‌ಮನ್ ಪ್ರೂಫಿನ ಅಂಚಿನಲ್ಲೇ ಗೀಚಿ ಸಹಿ ಹಾಕಿದ. ಅಣ್ಣ ಎಮ್ ಜೋಡಿಸಿದ. ಜೋಡಿಸಿದ್ದು ತಪ್ಪೇ; ಅದನ್ನು ತಂಗಿ ಎಂದೂ ಅಲ್ಲಗಳೆಯಲಿಲ್ಲ.

ಮೈಕ್ರೋ ಇದ್ದದ್ದು ಮಿಲಿ ಆಯಿತು, ಔಷಧಿಯ ಪ್ರಮಾಣ ಸಾವಿರ ಪಟ್ಟಾಯಿತು. ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬಳು ಮೊದಲ ದಿನವೇ ಹಿಡಿದಳು, ಜೀವ ಹೋಗಲಿಲ್ಲ. ಪ್ರತಿಗಳನ್ನೆಲ್ಲ ಸುಟ್ಟರು. ಅಣ್ಣ ಹೇಳಿದ ಆ ಸಹಿಯ ಪ್ರೂಫ್ ಎಲ್ಲಿ ಎಂದು ಯಜಮಾನರು ಕೇಳಿದರೆ, ಫೋರ್‌ಮನ್ "ಅಂಥದ್ದೇನೂ ನಾನು ಬರೆದೇ ಇಲ್ಲ" ಎಂದುಬಿಟ್ಟ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಕೆಲಸ ಹೋದದ್ದು ಅಣ್ಣನದು. ಆಮೇಲೆ ಯಾವ ಅಚ್ಚುಕೂಟವೂ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಉಗ್ರಾಣವೊಂದರಲ್ಲಿ ಚೀಲ ಹೊಲಿಯುತ್ತಾ, "ಅವರೇ ಬರೆದು ಕೊಟ್ಟಿದ್ರು ಕಣೇ" ಎನ್ನುತ್ತಲೇ ಮೂರನೇ ವರ್ಷ ಸತ್ತ. ತಾಳಿದವನು ಬಾಳಿಯಾನು ಎನ್ನುತ್ತಾರೆ. ಅಣ್ಣ ತಾಳಿದ, ಬಾಳಲಿಲ್ಲ.

ಯಜಮಾನರು ಕನಿಕರಪಟ್ಟು ತಂಗಿಗೆ ಹಾಳೆ ಮಡಚುವ ಕೆಲಸ ಕೊಟ್ಟರು. ಅವಳಿಗೆ ಬೇಕಿದ್ದದ್ದು ಕನಿಕರವಲ್ಲ, ಆ ಕಾಗದ. ಮಡಚುತ್ತಾ ಮಡಚುತ್ತಾ ಮೊಳೆ ಜೋಡಿಸುವುದನ್ನು ಕಲಿತಳು, ಅಣ್ಣನ ಕೇಸಿನ ಮುಂದೆ ಬಂದು ನಿಂತಳು. ಫೋರ್‌ಮನ್ ಎದುರಾದಾಗಲೆಲ್ಲ ನಮಸ್ಕರಿಸುತ್ತಿದ್ದಳು, ಹಲ್ಲು ಕಚ್ಚಿಕೊಂಡು.

ಮೊಳೆಗಳ ಮೂತಿ ಸವೆಯದಿರಲೆಂದು ಕೇಸಿನ ಪ್ರತಿ ಗೂಡಿನ ತಳಕ್ಕೂ ರದ್ದಿ ಪ್ರೂಫ್ ಕತ್ತರಿಸಿ ಅಂಟಿಸುವುದು ಅಲ್ಲಿಯ ರೂಢಿ. ಅಣ್ಣನ ಕೆಲಸ ಹೋದ ಒಂಬತ್ತನೆಯ ವರ್ಷ ಮ್ಯೂ ಗೂಡಿನ ಕಾಗದ ಮೇಲೆದ್ದಿತ್ತು. ಬದಲಿಸೋಣವೆಂದು ಕಿತ್ತು ತಿರುಗಿಸಿದರೆ, ಫೋರ್‌ಮನ್‌ನ ಕೈಬರಹ, ಅದೇ ಸಹಿ! ಅವನು ರದ್ದಿಗೆ ಎಸೆದದ್ದನ್ನು ಯಾರೋ ಅಲ್ಲೇ ಅಂಟಿಸಿದ್ದರು. ಅವಳು ಗೂಡಿಗೆ ಹೊಸ ಕಾಗದ ಹಾಕಿದಳು, ಹಳೆಯದನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಯಜಮಾನರ ಕೋಣೆಗೆ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಮುಗಿಸಿಬಿಡುತ್ತಾರೆ ಎಂದು ಗೊತ್ತಿತ್ತು. ನಿಜ ಫೋರ್‌ಮನ್‌ನ ಬಾಯಿಂದಲೇ, ಎಲ್ಲರ ಮುಂದೆ ಬರಬೇಕು.

ಎರಡು ವರ್ಷಕ್ಕೆ ಫೋರ್‌ಮನ್ ನಿವೃತ್ತಿಯ ದಿನ ಹತ್ತಿರ ಬಂತು. ಅವನ ಗುಣಗಾನದ ಸಣ್ಣ ಪುಸ್ತಕವೊಂದನ್ನು ಜೋಡಿಸಲು ಯಜಮಾನರು ಅವಳಿಗೇ ಕೊಟ್ಟರು. ಕೊನೆಯ ಪುಟ ಖಾಲಿ ಉಳಿದಿತ್ತು.

ಆ ಅಚ್ಚುಕೂಟದಲ್ಲಿ ಪ್ರೂಫನ್ನು ಯಾವಾಗಲೂ ಫೋರ್‌ಮನ್ ಗಟ್ಟಿಯಾಗಿ ಓದುತ್ತಿದ್ದ, ವಿರಾಮಚಿಹ್ನೆಗಳನ್ನೂ ಬಿಡದೆ. ಜೋಡಿಸಿದವರು ಮೂಲಪ್ರತಿ ಹಿಡಿದು ಕೇಳುತ್ತಿದ್ದರು. ತನ್ನ ಹೊಗಳಿಕೆ ಓದುವುದೆಂದರೆ ಕೇಳಬೇಕೆ? ಯಂತ್ರ ನಿಲ್ಲಿಸಿ ಎಲ್ಲರೂ ಸುತ್ತ ನಿಂತರು, ಯಜಮಾನರೂ ಬಂದರು. ಅವನು ಕೆಚ್ಚೆದೆ, ಪ್ರಾಮಾಣಿಕತೆ ಎಂದೆಲ್ಲ ಓದುತ್ತಾ ಅದೇ ಓಘದಲ್ಲಿ ಕೊನೆಯ ಪುಟಕ್ಕೆ ಬಂದ.

"ಮ್ಯೂ ಮುಗಿದಿದ್ದರೆ ಎಮ್ ಹಾಕು, ಪೂರ್ಣವಿರಾಮ. ನರ್ಸುಗಳಿಗೆ ಏನು ಗೊತ್ತಾಗುತ್ತದೆ, ಪ್ರಶ್ನಾರ್ಥಕ. ಜವಾಬ್ದಾರಿ..."

ನಾಲಿಗೆ ಅಲ್ಲೇ ನಿಂತಿತು.

"ಮುಂದೆ ಓದಿ ಸಾರ್," ಎಂದಳು ಮ್ಯೂ ಅಕ್ಕ. "ಮೂಲಪ್ರತಿ ನನ್ನ ಕೈಲೇ ಇದೆ."

ಅಂಟು ಕಲೆಯ ಕಾಗದವನ್ನು ಯಜಮಾನರ ಕೈಗೆ ಕೊಟ್ಟಳು. ಅವರು ಓದಿದರು, ಮತ್ತೆ ಓದಿದರು. "ಜವಾಬ್ದಾರಿ ನನ್ನದು," ಎಂದು ಅವರೇ ಮುಗಿಸಿದರು.

ಫೋರ್‌ಮನ್ ಮೆಲ್ಲಗೆ, "ಸತ್ತೋನ ವಿಷಯ ಈಗ್ಯಾಕಮ್ಮಾ?" ಎಂದ.

"ಬದುಕಿದ್ದಾಗ ನೀವು ಹೇಳ್ಲಿಲ್ವಲ್ಲ, ಅದಕ್ಕೆ."

ಅವನು ಮುದುಕನಾಗಿಬಿಟ್ಟಿದ್ದಾನೆ ಎಂದು ಅವಳಿಗೆ ಕಂಡಿತು. ಕನಿಕರ ಬರಲಿಲ್ಲ, ಬರಬೇಕಿತ್ತು ಎಂದೂ ಅನ್ನಿಸಲಿಲ್ಲ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಪ್ರೂಫಿನ ಮೇಲಿಟ್ಟಳು.

"ತಪ್ಪಿದ್ರೆ ತಿದ್ದಿ. ಇಲ್ಲಾಂದ್ರೆ ಸಹಿ ಹಾಕಿ, ಅಚ್ಚಿಗೆ ಹೋಗ್ಬೇಕು."

ಅವನು ಯಜಮಾನರ ಮುಖ ನೋಡಿದ. ಅವರು ಹಳೆಯ ಕಾಗದವನ್ನು ಮ್ಯೂ ಅಕ್ಕನಿಗೆ ಹಿಂದಿರುಗಿಸಿದರು. ಕೊನೆಗೆ ಪೆನ್ಸಿಲ್ ಎತ್ತಿಕೊಂಡು ಸಹಿ ಹಾಕಿದ. ಹನ್ನೊಂದು ವರ್ಷದ ಹಿಂದಿನ ಸಹಿಯ ಪಕ್ಕದಲ್ಲಿಟ್ಟು ನೋಡಿದಳು; ಅದೇ ಸಹಿ. ಪುಟದ ಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿದು, ತಾನೇ ಹೊತ್ತುಕೊಂಡು ಹೋಗಿ ಯಂತ್ರಕ್ಕೆ ಏರಿಸಿದಳು.