ಮೂವತ್ತೆಂಟು ಫೈಲುಗಳಿಗೆ ನಾನು ಹಚ್ಚಿದ ಬಣ್ಣ

ಅದು 2025ರ ನವೆಂಬರ್. ಶಿಕಾರಿಪುರದಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಆಗ ಇಪ್ಪತ್ತೆರಡು ವರ್ಷ ತುಂಬಿತ್ತು. ಹುದ್ದೆ ಎಂದು ಹೇಳಿಕೊಳ್ಳುವಂಥದ್ದೇನಿಲ್ಲ. ಬೋರ್ಡಿನ ಮೇಲೆ ‘ಸೇಲ್ಸ್ ಅಂಡ್ ಸರ್ವಿಸ್’ ಎಂದಿದೆ. ಸೇಲ್ಸ್ ಎಂಬುದು ಕೀಬೋರ್ಡು ಮತ್ತು ಮೌಸಿಗೆ ಸೀಮಿತ. ಅಂಗಡಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವುದು, ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದು ನಾಲ್ಕನೆಯ ಸಲ ಎಳೆಯುವುದು ನನ್ನ ಪದ್ಧತಿ. “ಇವರಿಗೆ ಚಿಂತೆ ಇಲ್ಲದಿದ್ರೆ, ಯಾಕಿಲ್ಲ ಅಂತ ಚಿಂತೆ ಮಾಡ್ತಾರೆ” ಎನ್ನುವುದು ನನ್ನ ಹೆಂಡತಿಯ ಮಾತು.

ಆ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಮಾಮೂಲಿನ ಉಚಿತ ಅಪ್‌ಡೇಟುಗಳು ನಿಂತಿದ್ದವು. ನಮ್ಮ ಕಡೆಯ ಹಳೆಯ ಕಂಪ್ಯೂಟರುಗಳಲ್ಲಿ ಹೊಸ ವಿಂಡೋಸ್ ಕೂರುವುದಿಲ್ಲ. ಹಾಗಾಗಿ ನಾನು ಲಿನಕ್ಸ್ ಹಾಕಿಕೊಡಲು ಶುರುಮಾಡಿದ್ದೆ. ಲಿನಕ್ಸ್ ಎಂದರೆ ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಆದರೆ ಉಚಿತ. ಕಪ್ಪು ತೆರೆಯ ಮೇಲೆ ಮಂತ್ರ ಟೈಪ್ ಮಾಡಬೇಕು ಎಂಬ ಹೆದರಿಕೆ ಜನರಿಗೆ ಇನ್ನೂ ಇದೆ. ಈಗಿನದು ಹಾಗಿಲ್ಲ, ಕೆಳಗೆ ಎಡಮೂಲೆಯಲ್ಲಿ ಮೆನು, ಪಕ್ಕದಲ್ಲಿ ಫೋಲ್ಡರ್, ಎಲ್ಲ ಕೈಗೆ ಗೊತ್ತಿರುವ ಜಾಗದಲ್ಲೇ ಇರುತ್ತದೆ. ಅಷ್ಟರಲ್ಲಿ ಮೂವತ್ತು ಯಂತ್ರಗಳಿಗೆ ಹಾಕಿದ್ದೆ. ಪ್ರತಿ ಯಂತ್ರ ಕೊಟ್ಟ ಮೇಲೂ ಒಂದು ವಾರ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಸೊರಬದಿಂದ ಶಾಹೀನ್ ಫೋನ್ ಮಾಡಿದಳು. ಅಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದು ಎಂಬ್ರಾಯಿಡರಿ ಘಟಕ. ಹನ್ನೆರಡು ಸೂಜಿಯ ಒಂದು ಮಷೀನು, ಅದಕ್ಕೆ ಡಿಸೈನ್ ಕೊಡಲು ಒಂದು ಕಂಪ್ಯೂಟರು. ಡಿಸೈನುಗಳನ್ನೆಲ್ಲ ಬರೆದವರು ಅವಳ ತಂದೆ ರಶೀದ್ ಸಾಹೇಬರು. ಹದಿನಾರು ವರ್ಷ ಕೂತು ಒಂದೊಂದೇ ಹೊಲಿಗೆ ಯೋಚಿಸಿ ಮಾಡಿದ 1,146 ಡಿಸೈನುಗಳು. ಹದಿನಾಲ್ಕು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಹೋಯಿತು. ಇನ್ನೊಮ್ಮೆ ಬರೆಯುವಂತಿಲ್ಲ. ಅಷ್ಟೂ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನೊಳಗಿದ್ದವು, ಬೇರೆ ಪ್ರತಿ ಇರಲಿಲ್ಲ. ಡಿಸ್ಕು ಕಟಕಟ ಎನ್ನುತ್ತಿತ್ತು. ಸಾಲದ್ದಕ್ಕೆ ಯಾರದೋ ಪೆನ್‌ಡ್ರೈವಿನಿಂದ ಹತ್ತಿದ ವೈರಸ್ಸು ಫೋಲ್ಡರುಗಳನ್ನು ಮಾಯಮಾಡಿತ್ತು. ಯಾರೋ ನೋಡಿ “ಫಾರ್ಮ್ಯಾಟ್ ಮಾಡಿ” ಎಂದಿದ್ದರಂತೆ.

ನಾನು ಹೋದಾಗ ರಶೀದ್ ಸಾಹೇಬರು ಮಷೀನಿನ ಪಕ್ಕದ ಕುರ್ಚಿಯಲ್ಲಿ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

“ಮಂಜಣ್ಣ, ಒಳಗಿಂದು ವಾಪಸ್ ಬರ್ತದಾ?” ಎಂದಳು ಶಾಹೀನ್.

“ನೋಡಣ.”

“ನೋಡಣ ಅನ್ಬೇಡಿ. ಬರ್ತದೆ ಅನ್ನಿ, ಇಲ್ಲ ಅನ್ನಿ.”

“ಬಿಡವ್ವ,” ಎಂದರು ಸಾಹೇಬರು, ತಮ್ಮ ಕೈ ನೋಡಿಕೊಂಡು. “ಡಾಕ್ಟ್ರೂ ಹಿಂಗೇ ನೋಡಣ ಅಂದಿದ್ರು.”

ಕಂಪ್ಯೂಟರನ್ನು ಬೈಕಿನ ಹಿಂದೆ ಕಟ್ಟಿಕೊಂಡು, ಪ್ರತಿ ಉಬ್ಬಿಗೂ ನಿಲ್ಲಿಸಿ ಕೈಯಿಂದ ಮುಟ್ಟಿ ನೋಡುತ್ತ ಶಿಕಾರಿಪುರಕ್ಕೆ ತಂದೆ. ಲಿನಕ್ಸನ್ನು ಯಂತ್ರದಲ್ಲಿ ಹಾಕದೆ ಪೆನ್‌ಡ್ರೈವಿನಿಂದಲೇ ನಡೆಸಬಹುದು. ಹಾಗೆ ನಡೆಸಿದಾಗ, ವೈರಸ್ಸು ವಿಂಡೋಸಿನದಾದ್ದರಿಂದ ಅದರ ಆಟ ನಡೆಯಲಿಲ್ಲ. ಮಾಯವಾಗಿದ್ದ ಫೋಲ್ಡರುಗಳು ತೆರೆಯ ಮೇಲೆ ಬಂದು ಕೂತವು. ನಕಲು ಮುಗಿಯಲು ಐದು ಗಂಟೆ ಹಿಡಿಯಿತು. ಫ್ಯಾನ್ ಗಾಳಿಗೂ ಡಿಸ್ಕಿಗೆ ತೊಂದರೆಯಾದೀತೆಂದು ಫ್ಯಾನ್ ಆರಿಸಿ ಬೆವರುತ್ತ ಕೂತಿದ್ದೆ. 1,146ನೆಯ ಫೈಲು ಬಂದ ಅರ್ಧ ಗಂಟೆಗೆ ಡಿಸ್ಕು ಒಮ್ಮೆ ಕೀರಲು ದನಿ ತೆಗೆದು ಶಾಶ್ವತವಾಗಿ ಸುಮ್ಮನಾಯಿತು. ನಾನು ಎರಡು ಪ್ರತಿ ಮಾಡಿಟ್ಟೆ. ಒಂದು ಹೊಸ ಡಿಸ್ಕಿಗೆ, ಇನ್ನೊಂದು ಹೊರಗಿನ ಡಿಸ್ಕಿಗೆ.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ನನ್ನ ಹೆಗ್ಗಳಿಕೆಯ ಕಥೆಯಾಗುತ್ತಿತ್ತು.

ಮಂಗಳವಾರ ಹೊಸ ಡಿಸ್ಕಿಗೆ ಲಿನಕ್ಸ್ ಹಾಕಿ, ಎಂಬ್ರಾಯಿಡರಿ ಡಿಸೈನ್ ತೆರೆಯಲು ಬರುವ ಒಂದು ಉಚಿತ ತಂತ್ರಾಂಶವನ್ನೂ ಸೇರಿಸಿದೆ. ಪರೀಕ್ಷೆಗೆಂದು ಒಂದು ನವಿಲನ್ನು ತೆರೆದೆ. ನವಿಲಿನ ಕುತ್ತಿಗೆ ಕಂದು ಬಣ್ಣ, ಗರಿ ಗುಲಾಬಿ, ಎಲೆಗಳು ನೇರಳೆ. ಮುಚ್ಚಿ ಮತ್ತೆ ತೆರೆದೆ. ಈಗ ಕುತ್ತಿಗೆ ಹಳದಿ, ಗರಿ ಕಪ್ಪು! ಸಾಯುತ್ತಿದ್ದ ಡಿಸ್ಕಿನಿಂದ ಬಂದ ಫೈಲುಗಳು ಕೊಳೆತಿವೆ, ಕ್ಷಣಕ್ಷಣಕ್ಕೂ ಇನ್ನಷ್ಟು ಕೊಳೆಯುತ್ತಿವೆ ಎಂದು ತೀರ್ಮಾನಿಸಿದೆ. ಇನ್ನೊಂದು ತೆರೆದೆ, ಮತ್ತೊಂದು ತೆರೆದೆ. ಎಲ್ಲದರ ಗತಿಯೂ ಅದೇ.

ಶಾಹೀನಳಿಗೆ ಫೋನ್ ಮಾಡಬೇಕಿತ್ತು. ನಂಬರ್ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಅವಳು ತಂದೆಗೆ ಹೇಳುತ್ತಾಳೆ, ಅವರು ಬಲಗೈ ನೋಡಿಕೊಳ್ಳುತ್ತಾರೆ, ಆ ನೋಟ ನನ್ನಿಂದ ತಡೆಯಲಾಗದು. ಅದರ ಬದಲು ನಾನೇ ಸರಿಮಾಡುತ್ತೇನೆ ಎಂದು ಕೂತೆ. ಕುತ್ತಿಗೆಗೆ ನೀಲಿ, ಎಲೆ ಎಂದರೆ ಹಸಿರು, ಹೂವು ಎಂದರೆ ಕೆಂಪು. ಸಂಜೆಯೊಳಗೆ, ಹೆಚ್ಚು ಕೆಲಸಕ್ಕೆ ಬರುವವು ಎಂದು ಶಾಹೀನ್ ಗುರುತು ಮಾಡಿದ್ದ ಫೋಲ್ಡರಿನ ಮೂವತ್ತೆಂಟು ಫೈಲುಗಳಿಗೆ ಬಣ್ಣ ಹಚ್ಚಿ, ಅದೇ ಹೆಸರಿನಲ್ಲಿ ಉಳಿಸಿದೆ. ಜಾಗರೂಕ ಮನುಷ್ಯನಾದ್ದರಿಂದ ಎರಡೂ ಪ್ರತಿಗಳಲ್ಲಿ ಉಳಿಸಿದೆ. ಮತ್ತೆ ತೆರೆದರೆ ಇನ್ನಷ್ಟು ಕೊಳೆತಾವೆಂದು ತೆರೆದು ನೋಡಲಿಲ್ಲ.

ಬುಧವಾರ ಯಂತ್ರದ ಜತೆಗೆ, ಲಿನಕ್ಸ್ ಬಳಸುವ ಬಗ್ಗೆ ಕೈಯಲ್ಲಿ ಬರೆದ ನಾಲ್ಕು ಪುಟದ ಸೂಚನೆಯನ್ನೂ ಒಯ್ದೆ. ಶಾಹೀನ್ ಅದನ್ನು ದಾರದ ಡಬ್ಬಿಯ ಕೆಳಗಿಟ್ಟಳು.

“ಪೆನ್‌ಡ್ರೈವ್ ಎಲ್ಲಿ ಕಾಣ್ತದೆ?”

“ಇಲ್ಲಿ.”

“ಡಿಸೈನ್ ಎಲ್ಲಿ?”

“ಇಲ್ಲಿ. ಇನ್ನೂ ಒಂದು ವಿಷಯ…”

“ಸಾಕು ಬಿಡಣ್ಣ. ಇಷ್ಟೇ ಅಲ್ವಾ?”

ಆನವಟ್ಟಿಯ ಗೌರಮ್ಮ ಆಗಲೇ ಬಂದು ಕೂತಿದ್ದರು. ಕಿರಾಣಿ ವ್ಯಾಪಾರಸ್ಥರ ಮನೆಯವರು, ಶುಕ್ರವಾರ ಮಗಳ ಮದುವೆ. ರವಿಕೆಯ ಬೆನ್ನಿಗೆ ನವಿಲು ಬೇಕಿತ್ತು. ರೇಷ್ಮೆ ಬಟ್ಟೆ ಮದುವೆ ಸೀರೆಯಿಂದಲೇ ಕತ್ತರಿಸಿದ್ದು, ಇನ್ನೊಂದು ತುಂಡು ಊರಲ್ಲಿ ಸಿಗುವಂಥದ್ದಲ್ಲ. ಹೊಸ ಡಿಸೈನಾದರೆ ಮೊದಲು ಹಳೇ ಬಟ್ಟೆಯ ಮೇಲೆ ಹೊಲಿದು ನೋಡುವುದು ಪದ್ಧತಿ. ನವಿಲನ್ನು ಎಷ್ಟೋ ಸಲ ಹೊಲಿದಾಗಿತ್ತು. ಶಾಹೀನ್ ನೇರ ರೇಷ್ಮೆಯನ್ನೇ ಫ್ರೇಮಿಗೆ ಬಿಗಿದಳು.

“ಒಂದ್ಸಲ ಹಳೇ ಬಟ್ಟೆ ಮೇಲೆ…” ಎಂದೆ.

“ಎಷ್ಟು ಹೆದರ್ತೀರಣ್ಣ ನೀವು!”

ಗೌರಮ್ಮ ನಕ್ಕರು. ಕಾರಣ ಹೇಳದೆ ತಡೆಯುವಂತಿರಲಿಲ್ಲ, ಕಾರಣ ಹೇಳುವ ಧೈರ್ಯ ಇರಲಿಲ್ಲ.

ಮಷೀನು ಹೊರಟಿತು. ಒಂದು ಬಣ್ಣ ಮುಗಿದಾಗ ಅದು ನಿಂತು, ತಲೆ ಸರಿದು, ಇನ್ನೊಂದು ಸೂಜಿಯನ್ನು ‘ಟಕ್’ ಎಂದು ತಂದುಕೊಳ್ಳುತ್ತದೆ. ಕುತ್ತಿಗೆ ಆಯಿತು, ಟಕ್. ಗರಿ ಆಯಿತು, ಟಕ್. ನೀಲಿ ನೀಲಿಯಾಗಿಯೇ ಬಂದಿತ್ತು. ಎಲೆ ಹೊಲಿಯುತ್ತಿತ್ತು. ರಶೀದ್ ಸಾಹೇಬರು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದವರು ಥಟ್ಟನೆ ನೆಟ್ಟಗಾದರು.

“ಬಂದ್ ಮಾಡು!”

ಶಾಹೀನ್ ಗುಂಡಿ ಒತ್ತಿ ತಂದೆಯ ಕಡೆ ತಿರುಗಿದಳು. “ಏನು, ಅಬ್ಬಾ?”

“ಎಲೆ ಮುಗೀತು, ಎಲೆ ನರ ಶುರುವಾಯ್ತು. ಟಕ್ ಅನ್ಲಿಲ್ಲ.”

ಅವರು ನೋಡಿರಲೇ ಇಲ್ಲ, ಹೊಲಿಗೆಯ ಸದ್ದು ಕೇಳಿಯೇ ಹೇಳಿದ್ದರು. ನಾವು ಬಗ್ಗಿ ನೋಡಿದೆವು. ಗಿಣಿಹಸಿರು ಬರಬೇಕಾದ ನರದ ಜಾಗದಲ್ಲಿ ಎಲೆಯ ಗಾಢ ಹಸಿರೇ ಓಡಿತ್ತು. ಇಪ್ಪತ್ತು ಹೊಲಿಗೆ ಇದ್ದಾವು.

“ಏನಾತು? ಸೀರೇದೇ ಪೀಸ್ ಅದು, ಮತ್ತೊಂದಿಲ್ಲ!” ಗೌರಮ್ಮ ಎದ್ದು ನಿಂತರು.

“ಏನಾಗಿಲ್ಲ ಗೌರಮ್ಮ. ಎರಡು ನಿಮಿಷ ಮಾತಾಡ್ಬೇಡಿ.”

ಶಾಹೀನ್ ಸಣ್ಣ ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು. ಬ್ಲೇಡು ಒಂದು ಎಳೆ ತಪ್ಪಿದರೂ ರೇಷ್ಮೆ ಹರಿಯುತ್ತಿತ್ತು. ಹರಿಯಲಿಲ್ಲ. ಸೂಜಿಯ ತೂತುಗಳು ಮಾತ್ರ ಉಳಿದವು. ಅವು ಮುಂದಿನ ಹೊಲಿಗೆಯ ಅಡಿಗೆ ಹೋಗುತ್ತವೆ ಎಂದಳು.

ರಶೀದ್ ಸಾಹೇಬರು ನನ್ನ ಕಡೆ ತಿರುಗಿದರು. “ಇಷ್ಟು ವರ್ಷ ಈ ನವಿಲು ಅಲ್ಲಿ ನಿಂತದೆ. ಇವತ್ಯಾಕೆ ನಿಲ್ಲಲಿಲ್ಲ, ಮಂಜಣ್ಣ?”

ಹೇಳಿದೆ. ಬಣ್ಣ ಕೆಟ್ಟಿದ್ದು, ತೆರೆದಾಗಲೆಲ್ಲ ಬದಲಾಗುತ್ತಿದ್ದದ್ದು, ನಾನೇ ಸರಿಮಾಡಿದ್ದು, ಎರಡೂ ಪ್ರತಿಗಳಲ್ಲಿ ಉಳಿಸಿದ್ದು, ಎಲ್ಲ.

“ಬಣ್ಣ?” ಎಂದರು. “ಫೈಲಲ್ಲಿ ಬಣ್ಣ ಎಲ್ಲಿದೆ?”

ಶಾಹೀನ್ ಕಪಾಟಿನಿಂದ ಒಂದು ದಪ್ಪ ನೋಟ್ ಪುಸ್ತಕ ತೆಗೆದಳು. ಪ್ರತಿ ಪುಟದಲ್ಲೂ ಒಂದು ಡಿಸೈನಿನ ನಂಬರು, ಉರ್ದುವಿನಲ್ಲಿ ಸಾಲಾಗಿ ಬಣ್ಣಗಳು, ಪಕ್ಕದಲ್ಲಿ ಅಂಟಿಸಿದ ದಾರದ ತುಣುಕುಗಳು. ಮಷೀನು ಓದುವ ಈ ಬಗೆಯ ಫೈಲಿನಲ್ಲಿ ಸೂಜಿ ಎಲ್ಲಿ ಬೀಳಬೇಕು, ದಾರ ಬದಲಿಸಲು ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಇರುತ್ತದೆ. ಯಾವ ಬಣ್ಣ ಎಂಬುದು ಇರುವುದು ಪುಸ್ತಕದಲ್ಲಿ. ತೆರೆಯ ಮೇಲೆ ತೋರಿಸಲು ತಂತ್ರಾಂಶ ತನಗೆ ತೋಚಿದ ಬಣ್ಣ ತುಂಬಿಕೊಳ್ಳುತ್ತದೆ, ತೆರೆದಾಗಲೆಲ್ಲ ಬೇರೆಬೇರೆ. ವಿಂಡೋಸಿನಲ್ಲೂ ನವಿಲು ಎಂದೂ ನೀಲಿ ಇರಲಿಲ್ಲವಂತೆ. ಕೆಟ್ಟದ್ದು ಏನೂ ಇರಲೇ ಇಲ್ಲ. ಕೆಡಿಸಿದ್ದು ನಾನು. ಎಲೆಗೂ ನರಕ್ಕೂ ಒಂದೇ ಹಸಿರು ಹಚ್ಚಿದಾಗ, ಇಲ್ಲಿ ನಿಲ್ಲುವ ಅಗತ್ಯವಿಲ್ಲ ಎಂದುಕೊಂಡು ತಂತ್ರಾಂಶ ಆ ನಿಲುಗಡೆಯನ್ನು ಅಳಿಸಿಹಾಕಿತ್ತು.

ಸಾಹೇಬರು ಬೈಯಲಿಲ್ಲ. “ಎಷ್ಟು ಫೈಲಿಗೆ ಹಚ್ಚಿದೀರಿ?” ಎಂದಷ್ಟೇ ಕೇಳಿದರು. ಮೂವತ್ತೆಂಟು ಎಂದಾಗ ಗೋಡೆ ಕಡೆ ನೋಡಿದರು.

ಮೊದಲು ನವಿಲು. ನರಕ್ಕೆ ಬೇರೆ ಬಣ್ಣ ಕೊಟ್ಟು ಉಳಿಸಿದೆ, ಈ ಸಲ ಬೇರೆ ಹೆಸರಿನಲ್ಲಿ. ಹಳೇ ಬಟ್ಟೆಯ ಮೇಲೆ ಹೊಲಿದೆವು, ಟಕ್ ಎಂದಿತು. ಆಮೇಲೆ ಶಾಹೀನ್ ರೇಷ್ಮೆಯನ್ನು ನಿಂತ ಜಾಗದಿಂದ ಮುಂದುವರಿಸಿದಳು. ಮಧ್ಯಾಹ್ನ ಮೂರಕ್ಕೆ ನವಿಲು ಮುಗಿಯಿತು. ಗೌರಮ್ಮ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದರು. “ನಂಗೇನೂ ಕಾಣ್ತಿಲ್ಲ. ನೀವೆಲ್ಲ ಹೆದರಿದ್ದು ಮಾತ್ರ ಕಾಣ್ತು” ಎಂದು ಆನವಟ್ಟಿ ಬಸ್ಸಿಗೆ ಹೊರಟರು.

ಉಳಿದವಕ್ಕಾಗಿ ಗುರುವಾರ, ಶುಕ್ರವಾರ ಸೊರಬಕ್ಕೆ ಹೋದೆ. ಶಾಹೀನ್ ಪುಸ್ತಕ ಓದಿ ನಿಲುಗಡೆಗಳ ಲೆಕ್ಕ ಹೇಳುವುದು, ನಾನು ಫೈಲಿನಲ್ಲಿ ಎಣಿಸುವುದು. ನವಿಲು ಬಿಟ್ಟು ಮೂವತ್ತೇಳರಲ್ಲಿ ಇಪ್ಪತ್ಮೂರು ಸರಿಯಿದ್ದವು. ಹದಿನಾಲ್ಕರಲ್ಲಿ ಒಂದೋ ಎರಡೋ ನಿಲುಗಡೆ ಕಡಿಮೆ. ಎಷ್ಟು ಎಂಬುದು ಪುಸ್ತಕದಲ್ಲಿತ್ತು. ಯಾವ ಹೊಲಿಗೆಯಲ್ಲಿ ಎಂಬುದು ರಶೀದ್ ಸಾಹೇಬರ ತಲೆಯಲ್ಲಿ ಮಾತ್ರ. ಅವರು ಕುರ್ಚಿಯಿಂದ ಎಡಗೈ ಚಾಚಿ ತೋರಿಸುತ್ತಿದ್ದರು.

“ಅಲ್ಲಲ್ಲ, ಮೇಲೆ. ಅದರ ಪಕ್ಕದ್ದು. ಅದೂ ಅಲ್ಲ. ಏನ್ ಆತುರಾರೀ ನಿಮ್ಮ ಕೈಗೆ!”

ಆರನೆಯ ಫೈಲಿಗೆ ನನಗೇ ನಾಚಿಕೆಯಾಗಿ, ಸೆಟ್ಟಿಂಗಿನಲ್ಲಿ ಮೌಸನ್ನು ಎಡಗೈಗೆ ಬದಲಿಸಿದೆ, ತೆರೆಯ ಮೇಲೆ ಓಡುವ ಬಾಣವನ್ನು ದೊಡ್ಡದು ಮಾಡಿದೆ, ಅದರ ಓಟ ನಿಧಾನ ಮಾಡಿದೆ. ಈ ಸೌಲಭ್ಯ ಹಳೆಯ ವಿಂಡೋಸಿನಲ್ಲೂ ಇತ್ತು. ಹದಿನಾಲ್ಕು ತಿಂಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೌಸನ್ನು ಎಡಕ್ಕಿಟ್ಟು ನಾನು ಎದ್ದೆ. ಅವರು ಬಂದು ಕೂತರು. ಬಾಣ ಮೊದಲು ತೆರೆಯ ಆಚೆ ಹೋಯಿತು, ಈಚೆ ಬಂತು, ನಡುಗಿತು. ಹನ್ನೊಂದನೆಯ ಫೈಲಿನ ಹೊತ್ತಿಗೆ ಅವರು ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ.

ಕೊನೆಯದು ಒಂದು ಜಾಜಿ ಬಳ್ಳಿ. ಪುಸ್ತಕದಲ್ಲಿ ಎಂಟು ನಿಲುಗಡೆ, ಫೈಲಿನಲ್ಲಿ ಏಳು. ಅವರು ಬಹಳ ಹೊತ್ತು ನೋಡಿದರು.

“ನೆನಪಾಗ್ತಿಲ್ವಾ ಅಬ್ಬಾ?”

“ಇಲ್ಲ.”

ಅದೊಂದು ನಿಲುಗಡೆಯನ್ನು ನಾನು ಕಾಯಂ ಆಗಿ ಅಳಿಸಿದ್ದೆ. ಅಷ್ಟರಲ್ಲಿ ಬಾಣ ಬಳ್ಳಿಯ ಉದ್ದಕ್ಕೂ ಸಾಗಿ, ಒಂದು ಮೊಗ್ಗಿನ ಬಳಿ ನಿಂತಿತು. ಕ್ಲಿಕ್ ಮಾಡಿದರು.

“ಮೊದ್ಲು ಎಲ್ಲಿತ್ತೋ ಗೊತ್ತಿಲ್ಲ. ಇಲ್ಲೇ ಚೆನ್ನಾಗಿ ಕಾಣ್ತದೆ.” ತೆರೆಯಿಂದ ಕಣ್ಣು ತೆಗೆಯದೆ ಕೇಳಿದರು: “ಇದ್ರಲ್ಲಿ ಹೊಸದು ಬರೆಯೋಕೆ ಎಲ್ಲಿ ಒತ್ಬೇಕು?”

ತೋರಿಸಿ, ಕೈ ಹಿಂದೆ ಕಟ್ಟಿಕೊಂಡು ನಿಂತೆ.

ಲಿನಕ್ಸ್ ಸುಲಭ ಎಂದು ಗಿರಾಕಿಗಳಿಗೆ ಇವತ್ತೂ ಹೇಳುತ್ತೇನೆ. ಸುಳ್ಳಲ್ಲ, ಶಾಹೀನ್ ಐದು ನಿಮಿಷದಲ್ಲಿ ಕಲಿತಳು. ಕಲಿಯಲು ಮೂರು ದಿನ ತೆಗೆದುಕೊಂಡವನು ನಾನು. ಅಂದಿನಿಂದ, ಕೆಟ್ಟಿದೆ ಎಂದು ನನಗೆ ಅನಿಸಿದ್ದನ್ನು ಮುಟ್ಟುವ ಮೊದಲು ಅದರ ಒಡೆಯರನ್ನು ಕರೆದು ತೋರಿಸಿ ಕೇಳುತ್ತೇನೆ, “ಇದು ಮೊದಲಿನಿಂದಲೂ ಹೀಗೇ ಇತ್ತಾ?” ಎಂದು. ಹೆಚ್ಚಿನ ಸಲ “ಹೌದಲ್ಲ, ಯಾಕೆ?” ಎನ್ನುತ್ತಾರೆ. ಇಲ್ಲ ಎಂದಾಗ ಮಾತ್ರ ಸ್ಕ್ರೂಡ್ರೈವರ್ ತೆಗೆಯುತ್ತೇನೆ.