ಕೊಟ್ಟೂರಿನ ನಿಧಾನ ಗಿಟಾರು

ಹರಪನಹಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರಿನ ಮೈಕ್‌ಸೆಟ್ ಅಂಗಡಿಯಲ್ಲಿ ಯಾರೋ ಗಿಟಾರ್ ನುಡಿಸುತ್ತಿದ್ದರು. ನನಗೆ ಗೊತ್ತಿದ್ದ ಇಂಗ್ಲಿಷ್ ರಾಕ್ ಹಾಡೇ. ಆದರೆ ನೀರಿನೊಳಗಿಂದ ಬರುತ್ತಿದೆಯೇನೋ ಅನ್ನುವಷ್ಟು ನಿಧಾನ. ಮಧ್ಯಾಹ್ನದ ಬಿಸಿಲು ಕೂಡ ಅದರ ಲಯಕ್ಕೆ ತೂಗುತ್ತಿರುವಂತೆ ಕಂಡಿತು. ಒಳಗೆ ಹೋಗಿ ಕೂತೆ.

ನುಡಿಸುತ್ತಿದ್ದವರು ಅಂಗಡಿಯ ಮಾಲೀಕ ಕೊಟ್ರಪ್ಪ. ಹರೆಯದಲ್ಲಿ ಬ್ಯಾಂಡ್ ಕಟ್ಟಿದ್ದರಂತೆ.

“ಇದ್ದದ್ದು ಒಂದ ಕ್ಯಾಸೆಟ್ಟು ನೋಡ್ರಿ. ಟೇಪ್‌ರೆಕಾರ್ಡರಿನ ಸೆಲ್ಲು ಸೋತ್ರ ಮಾಳಿಗಿ ಮ್ಯಾಲೆ ಬಿಸಿಲಿಗೆ ಇಟ್ಟು ಮತ್ತ ಹಾಕ್ತಿದ್ವಿ. ಹಂಗ ಕೇಳಿ ಕೇಳಿ ಕಲಿತ್ವಿ. ಕೂಡ್ಲಿಗಿ, ಹಡಗಲಿ ಬ್ಯಾಂಡಿನವರು ನಮ್ಮನ್ನ ನೋಡಿ ಕಲಿತ್ರು. ಮದುವ್ಯಾಗ ಮುದುಕ್ರೂ ಕುಣೀತಿದ್ರು.”

ಆಗ ನನಗೆ ಹೊಳೆಯಿತು. ಸೋತ ಸೆಲ್ಲಿನಲ್ಲಿ ಟೇಪು ನಿಧಾನವಾಗಿ ತಿರುಗಿದೆ, ಈ ಸೀಮೆಯ ರಾಕ್ ಪೂರಾ ಆ ವೇಗದಲ್ಲೇ ಬೆಳೆದಿದೆ. ತಡೆಯಲಾರದೆ ಮೊಬೈಲಿನಲ್ಲಿ ಮೂಲ ಹಾಡು ಹಾಕಿಬಿಟ್ಟೆ. ಅವರ ಬೆರಳು ತಂತಿಯ ಮೇಲೇ ನಿಂತಿತು. ಹಾಡು ಮುಗಿಯುವವರೆಗೂ ತಲೆ ಎತ್ತಲಿಲ್ಲ. ಒಬ್ಬರ ಇಡೀ ಹರೆಯವನ್ನೇ ತಪ್ಪೆಂದು ತೋರಿಸಿಬಿಟ್ಟೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

“ಚಲೋ ಬಾರಿಸ್ಯಾರ,” ಎಂದರು ಕೊನೆಗೆ. “ಆದ್ರ ಇಷ್ಟು ಅವಸರ ಯಾಕ್ರಿ ಅವರಿಗೆ?”

ಮತ್ತೆ ಮೊದಲಿನಿಂದ ಶುರು ಮಾಡಿದರು, ಅದೇ ನಿಧಾನದಲ್ಲಿ. ಹೊರಗೆ ಹರಪನಹಳ್ಳಿ ಬಸ್ಸು ಬಂದು ಹಾರ್ನ್ ಹೊಡೆಯಿತು. ನಾನು ಏಳಲಿಲ್ಲ.